ಮೂರನೆಯ ಪಾಲುದಾರನ ಸಹಿ

ನೋಂದಣಿ ಕಚೇರಿಯ ಗುಮಾಸ್ತರು ನಮ್ಮ ಅರ್ಜಿಯ ಕೊನೆಯ ಪುಟದ ಮೇಲೆ ಬೆರಳಿಟ್ಟು, ‘ಈ ಮೂರನೇದವರು ಸಹಿ ಮಾಡಾಕ ಯಾವಾಗ ಬರ್ತಾರ್ರಿ?’ ಎಂದು ಕೇಳಿದರು.

ಕೇಳಿದ ರೀತಿಯಲ್ಲಿ ಕುಚೋದ್ಯವಿರಲಿಲ್ಲ. ಹಣೆಯ ಮೇಲೆ ತೆಳುವಾದ ನಾಮ, ಕಿವಿಯ ಹಿಂದೆ ಪೆನ್ಸಿಲ್ಲು, ಅತ್ತಿತ್ತ ನೋಡದ ಮುಖ. ಪಾಲುದಾರರೆಲ್ಲ ಸಹಿ ಮಾಡಬೇಕೆಂಬುದು ಕಾನೂನು. ಮೂವರಲ್ಲಿ ಇಬ್ಬರು ಮಾಡಿದ್ದಾರೆ. ಉಳಿದವರು ಯಾವಾಗ ಎಂದು ಕೇಳಿದರು, ಅಷ್ಟೆ. ಅವರು ಬೆರಳಿಟ್ಟ ಸಾಲುಗಳನ್ನು ಮೇಜಿನ ಈಚೆಯಿಂದ ತಲೆಕೆಳಗಾಗಿ ನಾನೂ ಓದಿದೆ. ಹೆಸರು: ಶ್ರೀ ಬಸವೇಶ್ವರ ಸ್ವಾಮಿ. ತಂದೆಯ ಹೆಸರು: ಶಿಲಾದ ಮುನಿ. ವಯಸ್ಸು: ಮೇಜರ್. ಕಾಯಂ ವಿಳಾಸ: ದೇವಸ್ಥಾನ, ಕುರುಗೋಡು.

‘ಅವರು ಬರೂದು ಸ್ವಲ್ಪ ಕಷ್ಟ ಐತ್ರಿ’ ಎಂದೆ.

ನಮ್ಮ ಕಡೆ ಇಬ್ಬರು ಸೇರಿ ಏನು ಶುರು ಮಾಡಿದರೂ, ಅದು ಹೊಲದ ಗುತ್ತಿಗೆಯಿರಲಿ, ಕುರಿಯ ಹಿಂಡಿರಲಿ, ದೇವರದೊಂದು ಪಾಲು ಅಂತ ಮೊದಲೇ ಬಾಯಿಮಾತಿನಲ್ಲಿ ಎತ್ತಿಡುವುದು ಇದ್ದದ್ದೇ. ದೇವರನ್ನು ಮೂರನೆಯ ಮನುಷ್ಯನೆಂದೇ ಎಣಿಸುವುದು. ಇಬ್ಬರ ನಡುವೆ ಮಾತು ಬೆಳೆದರೆ ‘ನಡುವ ಅವ ಕುಂತಾನ, ನೋಡಿ ಮಾತಾಡು’ ಎನ್ನುವುದು. ಆದರೆ ಅದನ್ನು ಯಾರೂ ಸ್ಟಾಂಪ್ ಕಾಗದದ ಮೇಲೆ ಬರೆಸುವುದಿಲ್ಲ. ನಾವು ಬರೆಸಿದ್ದೆವು. ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಕೂರುವ ಬಾಂಡ್ ರೈಟರ್ ಕೇಳುತ್ತ ಹೋದ, ನಮ್ಮ ಮಾವ ಹೇಳುತ್ತ ಹೋದರು. ವಯಸ್ಸು ಎಂದಾಗ ಮಾತ್ರ ಮಾವ ಒಂದು ಗಳಿಗೆ ಯೋಚಿಸಿದರು. ಬರೆಯುವವನೇ ‘ಮೇಜರ್ ಅಂತ ಹಾಕ್ತೀನಿ ಬಿಡ್ರಿ, ಅದಕ್ಕ ಯಾರೂ ತಕರಾರು ಮಾಡೂದಿಲ್ಲ’ ಎಂದ. ನಾನು ಪಕ್ಕದಲ್ಲೇ ಇದ್ದೆ. ಸ್ಟಾಂಪ್ ಕಾಗದದ ಮೂಲೆಯಲ್ಲಿ ಬಿದ್ದ ಮಡಿಕೆಯಿಂದ ಅರ್ಜಿ ತಿರಸ್ಕೃತವಾದೀತೇ ಎಂಬ ಚಿಂತೆಯಲ್ಲಿ ಮುಳುಗಿದ್ದೆನಾದ್ದರಿಂದ ಉಳಿದದ್ದು ಕಣ್ಣಿಗೆ ಬೀಳಲಿಲ್ಲ. ನನ್ನ ಚಿಂತೆಗಳೆಲ್ಲ ಹೀಗೇ. ಊರೆಲ್ಲ ಕಾಯುತ್ತವೆ, ಕಳ್ಳ ಬರುವ ಬಾಗಿಲೊಂದನ್ನು ಬಿಟ್ಟು.

ಇದು ಎಪ್ಪತ್ತರ ದಶಕದ ಮಾತು. ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿಕೊಂಡು ಬಹಳ ದಿನವಾಗಿರಲಿಲ್ಲ; ಕಚೇರಿಯ ಫಾರಂಗಳಲ್ಲಿ ಹಳೆಯ ಹೆಸರನ್ನು ಗೀಚಿ ಮೇಲೆ ರಬ್ಬರ್ ಮುದ್ರೆ ಒತ್ತಿರುತ್ತಿದ್ದರು. ನಾನು ಬಳ್ಳಾರಿಯ ಒಂದು ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯಲ್ಲಿ, ಹನ್ನೆರಡು ವರ್ಷ ಗುಮಾಸ್ತನಾಗಿದ್ದೆ. ಮಾವ ಸಿರುಗುಪ್ಪದವರು, ಅವ್ವನ ತಮ್ಮ. ಅವರ ಮಗಳನ್ನೇ ನನಗೆ ಕೊಟ್ಟಿದ್ದರಿಂದ ಎರಡು ಸುತ್ತು ಮಾವ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಬೆಲ್ಟು ಹರಿದರೆ, ಎಂಜಿನ್ನು ಕೆಮ್ಮಿದರೆ ಮೊದಲು ಅವರನ್ನೇ ಕರೆಯುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಜೊತೆ ತೆಲುಗು, ಮನೆಯಲ್ಲಿ ಕನ್ನಡ, ಎಂಜಿನ್ನಿನ ಜೊತೆ ಮಾತ್ರ ಉರ್ದು ಬೈಗುಳ. ಅವರ ಕೈಗುಣ, ನನ್ನ ಬರವಣಿಗೆ, ಎರಡೂ ಸೇರಿಸಿ ಕೌಲ್ ಬಜಾರಿನಲ್ಲಿ ಬಸವೇಶ್ವರನ ಹೆಸರಲ್ಲೇ ಪಂಪ್‌ಸೆಟ್ಟು ಮತ್ತು ಗಿರಣಿ ಸಾಮಾನಿನ ಅಂಗಡಿ ತೆರೆಯುವುದೆಂದು ತೀರ್ಮಾನವಾಯಿತು. ಕೊಯಮತ್ತೂರಿನ ಪಂಪ್‌ಸೆಟ್ ಕಂಪನಿಯೊಂದು ಏಜೆನ್ಸಿ ಕೊಡಲು ಒಪ್ಪಿತು. ಷರತ್ತು ಒಂದೇ: ಅಂಗಡಿಯ ಹೆಸರು ಸರ್ಕಾರದಲ್ಲಿ ನೋಂದಣಿಯಾದ ಪತ್ರದ ನಕಲು ಮುಂದಿನ ತಿಂಗಳು ಮುಗಿಯುವುದರೊಳಗೆ ಅವರ ಕೈ ಸೇರಬೇಕು. ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ.

ಕೊಯಮತ್ತೂರಿನಿಂದ ಆ ಕಾಗದ ಬಂದ ದಿನ ನಾನು ಜೀವಮಾನದಲ್ಲಿ ಒಂದೇ ಒಂದು ಧೈರ್ಯದ ಕೆಲಸ ಮಾಡಿದೆ. ಜಿನ್ನಿಗೆ ಹೋಗಿ ರಾಜೀನಾಮೆ ಕೊಟ್ಟೆ. ಕೊಟ್ಟು ಹೊರಗೆ ಬರುವಷ್ಟರಲ್ಲಿ ಹೆಂಡತಿಗೆ ಹೇಳುವ ಧೈರ್ಯ ಉಳಿಯಲಿಲ್ಲ. ನೋಂದಣಿ ಪತ್ರ ಕೈಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅಲ್ಲಿಯ ತನಕ ಎಂದಿನಂತೆ ಬೆಳಿಗ್ಗೆ ಬುತ್ತಿ ಹಿಡಿದು ಮನೆ ಬಿಡುವುದು, ಕಚೇರಿ, ಬಾಂಡ್ ರೈಟರ್, ಬಸ್ ನಿಲ್ದಾಣ ಸುತ್ತುವುದು, ಮಧ್ಯಾಹ್ನ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ರೊಟ್ಟಿ ತಿನ್ನುವುದು, ಜಿನ್ನು ಬಿಡುವ ಹೊತ್ತಿಗೆ ಸರಿಯಾಗಿ ಮನೆಗೆ ಬರುವುದು. ಅಂಗಿಗೆ ಹತ್ತಿಯ ಎಳೆ ಅಂಟಿರುವುದಿಲ್ಲವಲ್ಲ ಎಂಬುದು ಎರಡನೆಯ ದಿನ ಹೊಳೆದು, ಹಳೆಯ ದಿಂಬಿನಿಂದ ಒಂದಿಷ್ಟು ಕಿತ್ತು ಜೇಬಿನಲ್ಲಿಟ್ಟುಕೊಂಡು, ಓಣಿಯ ತಿರುವಿನಲ್ಲಿ ತೋಳಿಗೆ ಹಚ್ಚಿಕೊಳ್ಳುತ್ತಿದ್ದೆ. ಮಾವನಿಂದ ಮಗಳಿಗೆ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದೆ. ಆರು ವಾರ ಹೀಗೆ ಕಳೆಯಿತು.

ಆ ದಿನಗಳಲ್ಲಿ ಒಂದು ಸಣ್ಣ ಬದಲಾವಣೆಯಾಗಿತ್ತು. ಮೊದಲೆಲ್ಲ ಬುತ್ತಿಯಲ್ಲಿ ಶೇಂಗಾ ಚಟ್ನಿಯ ಪೊಟ್ಟಣ ಎರಡಿರುತ್ತಿದ್ದವು. ಒಂದು ನನಗೆ, ಒಂದು ಜಿನ್ನಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಗುಮಾಸ್ತರಿಗೆ. ಅವರಿಗೆ ಅವಳ ಚಟ್ನಿಯ ರುಚಿ ಹತ್ತಿತ್ತು. ಈಗ ಒಂದೇ ಇರತೊಡಗಿತು. ಇವಳಿಗೆ ಆ ಹಿರಿಯರ ಮೇಲೆ ಯಾಕೆ ಮುನಿಸು ಬಂತೋ ಎಂದು ಎರಡು ದಿನ ಚಿಂತೆ ಮಾಡಿ, ದೊಡ್ಡ ಚಿಂತೆಗಳಿಗೆ ಜಾಗ ಸಾಲದೆ ಅದನ್ನು ಕೈಬಿಟ್ಟೆ.

ಗುಮಾಸ್ತರು ಕಾಗದ ತಿರುಗಿಸಿ ನನ್ನ ಮುಂದೆ ಇಟ್ಟರು. ‘ಅಂಗಡಿಗೆ ದೇವರ ಹೆಸರು ಇಡ್ರಿ, ಅದಕ್ಕ ನಂದೇನೂ ಇಲ್ಲ. ಆದ್ರ ಪಾಲುದಾರ ಅಂತ ಬರದ್ರ ಸಹಿ ಬೇಕು. ಸಹಿ ಆಗೂದಿಲ್ಲ ಅಂದ್ರ ಹೆಸರು ತಗದು ಹೊಸಾ ಕಾಗದ ಮಾಡ್ರಿ.’ ಮತ್ತೊಂದನ್ನೂ ಹೇಳಿದರು. ಸಾಹೇಬರು ಮಂಗಳವಾರದಿಂದ ಹದಿನೈದು ದಿನ ರಜೆ. ಸೋಮವಾರ ಸಂಜೆ ಐದರೊಳಗೆ ತಂದರೆ ಮೇಜಿನ ಮೇಲಿಡುತ್ತೇನೆ. ತಪ್ಪಿದರೆ ಬರುವ ತಿಂಗಳು.

ಅಂದು ಗುರುವಾರ. ಬರುವ ತಿಂಗಳೆಂದರೆ ಏಜೆನ್ಸಿ ಹೋಯಿತು, ಬಿಟ್ಟ ನೌಕರಿಯೂ ಹೋಯಿತು, ಹೆಂಡತಿಯ ಮುಂದೆ ಉಳಿಯುವುದು ಜೇಬಿನಲ್ಲಿರುವ ಹತ್ತಿ. ಹೊರಗೆ ಬಂದವನೇ ಬಾಂಡ್ ರೈಟರನಿಂದ ಮೂರನೆಯ ಹೆಸರಿಲ್ಲದ ಹೊಸ ಕರಾರು, ಹೊಸ ಅರ್ಜಿ ಬರೆಸಿದೆ. ಅದನ್ನು ಮಡಚಿ ಕೈಚೀಲದ ತಳದಲ್ಲಿ, ಹಳೆಯದನ್ನು ಮೇಲೆ ಇಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪಕ್ಕೆ ಹೋದೆ. ದಾರಿಯುದ್ದಕ್ಕೂ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದುದರಿಂದ ಪಕ್ಕದ ಸೀಟಿನಾತ ಅದರಲ್ಲಿ ಬಂಗಾರವಿದೆಯೆಂದು ತಿಳಿದಿರಬೇಕು. ಇಳಿಯುವಾಗ ಜೋಪಾನ ಎಂದ.

ಮಾವ ಗಿರಣಿಯೊಂದರ ಹಿಂದೆ ಎಣ್ಣೆಗೈಯಲ್ಲಿ ಕೂತಿದ್ದರು. ಎಲ್ಲ ಕೇಳಿಸಿಕೊಂಡು, ‘ಆಗೂದಿಲ್ಲ’ ಎಂದರು.

‘ಬರೇ ಕಾಗದದಾಗ ತಗಿಯೂದು ಮಾವ. ಪಾಲು ಹೆಂಗಿತ್ತೋ ಹಂಗ ಇರ್ತೈತಿ.’

‘ಅವನ ಹೆಸರು ಬೋರ್ಡಿನ ಮ್ಯಾಲೆ ಬೇಕು, ಅವ ಮಾತ್ರ ಪಟ್ಟಿಯಾಗ ಬ್ಯಾಡ. ಇದಕ್ಕ ಏನಂತಾರ ಗೊತ್ತೈತೇನ್ಲೇ? ಕಳವು ಅಂತಾರ.’

ಹಾಗಾದರೆ ಅಂಗಡಿಗೆ ಬೇರೆ ಹೆಸರೇ ಇಡೋಣ ಎಂದೆ. ಕೌಲ್ ಬಜಾರಿನಲ್ಲಿ ಈಗೀಗ ಎಲ್ಲರೂ ಇಡುತ್ತಿದ್ದಾರೆ. ಮಾಡರ್ನ್ ಟ್ರೇಡರ್ಸ್ ಅಂತ ಇಟ್ಟರೂ ಆದೀತು.

‘ಆ ಮಾಡರ್ನ್ ಅನ್ನಾವ ಯಾವೂರಾವ?’ ಎಂದರು ಮಾವ. ‘ಬೆಲ್ಟ್ ಹರದ್ರ ಬಂದು ನಿಂದ್ರತಾನೇನು?’

ಸರ್ಕಾರದ ನಿಯಮ ಎಂದು ಹೇಳಿ ನೋಡಿದೆ. ಮಾವ ಹಳೆಯ ಚಿಂದಿಯಲ್ಲಿ ಬೆರಳೊಂದೊಂದೇ ಒರೆಸಿಕೊಳ್ಳುತ್ತ, ತಾವು ಹುಟ್ಟಿದಾಗ ಇದೇ ಸಿರುಗುಪ್ಪ ಮದ್ರಾಸಿನದಾಗಿತ್ತು, ಆಮೇಲೆ ಮೈಸೂರಿನದಾಯಿತು, ಈಗ ಕರ್ನಾಟಕ ಅನ್ನುತ್ತಾರೆ, ತಾವು ಮಾತ್ರ ಕುಂತಲ್ಲೇ ಕುಂತಿರುವುದು ಎಂದರು. ‘ಸರ್ಕಾರ ತನ್ನ ಹೆಸರ ಬದಲಿ ಮಾಡಿಕೊಂತಲ್ಲ, ಅದಕ್ಕ ಯಾರ್ಯಾರ ಸಹಿ ತಗೊಂಡಿತ್ತು? ನನ್ನದಂತೂ ಕೇಳಲಿಲ್ಲ.’

ಕೊನೆಗೆ, ಮನೆಗೆ ಹೋಗಿ ಅತ್ತೆ ತಂದ ಮಜ್ಜಿಗೆ ಕುಡಿದ ಮೇಲೆ, ಮಾವ ಒಂದು ದಾರಿ ತೆರೆದರು. ಪಾಲುದಾರನನ್ನು ಕೇಳದೆ ಪಾಲುದಾರನ ಹೆಸರು ತೆಗೆಯುವಂತಿಲ್ಲ. ಕುರುಗೋಡಿಗೆ ಹೋಗಿ ಹೂವಿನ ಅಪ್ಪಣೆ ಕೇಳೋಣ; ದೇವರ ಹಣೆಗೆ ಅಂಟಿಸಿದ ಹೂವು ಯಾವ ಕಡೆ ಬೀಳುತ್ತದೋ ಅದೇ ಉತ್ತರ. ಅವನು ಒಪ್ಪಿದರೆ ತಾವು ಸಹಿ ಮಾಡುವುದು. ಒಪ್ಪದಿದ್ದರೆ ಇಲ್ಲ. ನಾಳೆಯೇ ಹೋಗೋಣ ಎಂದೆ. ಬಸವಣ್ಣನನ್ನು ಕೇಳುವುದೇನಿದ್ದರೂ ಸೋಮವಾರ ಎಂದರು.

ಆ ಮೂರು ದಿನ ನಾನು ನಿದ್ದೆ ಮಾಡಿದ್ದಕ್ಕಿಂತ ಲೆಕ್ಕ ಹಾಕಿದ್ದೇ ಹೆಚ್ಚು. ಕುರುಗೋಡಿನಿಂದ ಬಳ್ಳಾರಿಗೆ ಬರುವ ಬಸ್ಸುಗಳು ಯಾವ ಹೊತ್ತಿಗೆ, ಒಂದು ಕೆಟ್ಟರೆ ಇನ್ನೊಂದು ಎಷ್ಟು ಹೊತ್ತಿಗೆ, ಹೂವು ಬೀಳಲು ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆ. ಮಾವನ ಸಹಿಯನ್ನು ಗೆಜೆಟೆಡ್ ಅಧಿಕಾರಿಯೊಬ್ಬರು ದೃಢೀಕರಿಸಬೇಕೆಂಬುದು ಭಾನುವಾರ ಸ್ನಾನ ಮಾಡುವಾಗ ನೆನಪಾಗಿ ತಂಬಿಗೆ ಕೈಯಿಂದ ಜಾರಿತು. ಬಳ್ಳಾರಿ ಮುಟ್ಟಿದ ಮೇಲೆ ಹುಡುಕಲು ಹೊತ್ತಿರುವುದಿಲ್ಲ; ಕುರುಗೋಡಿನಲ್ಲಿ ಅಂಥವರು ಯಾರಿದ್ದಾರೆ? ಕೇಳಿದವರಿಗೆಲ್ಲ ತಿಳಿದಿದ್ದವರು ಒಬ್ಬರೇ: ದನದ ಡಾಕ್ಟರು.

ಸೋಮವಾರ ಬೆಳಿಗ್ಗೆ ಬುತ್ತಿ ತೆಗೆದುಕೊಂಡು ಹೊರಟಾಗ ಅದು ಯಾಕೋ ಭಾರವಾಗಿತ್ತು.

ಮಾವ ಸಿರುಗುಪ್ಪದಿಂದ ಬಿಳಿ ಅಂಗಿ ತೊಟ್ಟು, ಮದುವೆಗೆ ಬಂದವರಂತೆ ಕುರುಗೋಡಿಗೆ ಬಂದಿಳಿದರು. ನಾನು ಆಗಲೇ ದನದ ಆಸ್ಪತ್ರೆಗೆ ಹೋಗಿ, ಡಾಕ್ಟರು ಎರಡು ಗಂಟೆಗೆ ಹಳ್ಳಿಯ ಕಡೆ ಹೊರಡುತ್ತಾರೆಂದು ತಿಳಿದುಕೊಂಡು ಬಂದಿದ್ದೆ. ಎರಡು ಗಂಟೆಯೊಳಗೆ ಹೂವು ಬೀಳಬೇಕು. ಗುಡಿಯಲ್ಲಿ ಕಾಲಿಟ್ಟವನೇ ಪೂಜಾರಪ್ಪನನ್ನು ಕೇಳಿದೆ: ಬಲಕ್ಕೆ ಬಿದ್ದರೆ ಒಪ್ಪಿಗೆ ಅನ್ನುತ್ತಾರಲ್ಲ, ಅದು ದೇವರ ಬಲವೋ, ನಿಂತು ನೋಡುವವರ ಬಲವೋ? ಪೂಜಾರಪ್ಪ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ದೇವರದು ಎಂದು ಸಮಾಧಾನದಿಂದ ಹೇಳಿದ. ಎಡಕ್ಕೆ ಬಿದ್ದರೆ ಇಲ್ಲ ಎಂದರ್ಥ. ಯಾವುದಕ್ಕೂ ಇರಲೆಂದು ಅಂಗೈಯ ಮೇಲೆ ಪೆನ್ನಿನಲ್ಲಿ ಗೀಚಿ ಗುರುತು ಹಾಕಿಕೊಂಡೆ.

ಅಷ್ಟು ದೊಡ್ಡ ಕಲ್ಲಿನ ನಂದಿ ಬಸವಣ್ಣ, ಅಷ್ಟು ಸಣ್ಣ ಕಣಗಿಲೆ ಹೂವು. ಪೂಜಾರಪ್ಪ ನೀರಲ್ಲಿ ಅದ್ದಿ ಹಣೆಗೆ ಹಚ್ಚಿದ. ಮಾವ ಕೈಮುಗಿದು ಎಲ್ಲರಿಗೂ ಕೇಳುವಂತೆ ಕೇಳಿದರು: ‘ಅಪ್ಪಾ, ಸರ್ಕಾರದ ಪಟ್ಟಿಯಾಗಿಂದ ನಿನ್ನ ಪಾಲು ತಗಿ ಅಂತಾರ. ತಗೀಲೇನು?’

ಹೂವು ಅಲುಗಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಲ್ಲಿನ ಮೇಲೆ ನೀರು ಒಣಗುವುದಕ್ಕೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತ ನಾನು ಕಂಬದಿಂದ ಕಂಬಕ್ಕೆ ಓಡಾಡಿದೆ. ಗಾಳಿ ಬರುವ ಬಾಗಿಲ ಹತ್ತಿರ ನಿಂತರೆ ನನ್ನ ಮೈಯೇ ಅಡ್ಡವಾದೀತೆಂದು ಪಕ್ಕಕ್ಕೆ ಸರಿದೆ. ಬಲಕ್ಕೆ, ಬಲಕ್ಕೆ ಎಂದು ಒಳಗೇ ಅನ್ನುತ್ತಿದ್ದೆ. ಮಾವ ಕೂತ ಭಂಗಿ ಬದಲಿಸಲಿಲ್ಲ.

ಕೈಗಡಿಯಾರದಲ್ಲಿ ಹನ್ನೆರಡೂವರೆ ಆಗಿತ್ತು. ಹೂವು ಮೆಲ್ಲಗೆ ಜಾರಿ ಎಡಕ್ಕೆ ಬಿತ್ತು.

‘ಕಂಡ್ಯಲ್ಲ’ ಎಂದರು ಮಾವ. ಗೆದ್ದವರ ದನಿಯಲ್ಲ, ಅವರಿಗೂ ಅಂಗಡಿ ಬೇಕಿತ್ತು. ಮುಖ ಸಪ್ಪಗಾಗಿತ್ತು. ನಾನು ಕಂಬಕ್ಕೆ ಒರಗಿದೆ. ಅಂಗೈಯ ಗುರುತು ಬೆವರಿಗೆ ಅಳಿಸಿದ್ದರೂ ಎಡ ಯಾವುದು ಎಂಬ ಬಗ್ಗೆ ಅನುಮಾನ ಉಳಿದಿರಲಿಲ್ಲ. ಜಿನ್ನಿನ ಮಾಲೀಕರ ಮುಂದೆ ಹೋಗಿ ನಿಂತರೆ ಮತ್ತೆ ತೆಗೆದುಕೊಂಡಾರೇ, ನನ್ನ ಕುರ್ಚಿಯಲ್ಲಿ ಆಗಲೇ ಯಾರನ್ನಾದರೂ ಕೂರಿಸಿರಬಹುದೇ ಎಂದು ಯೋಚನೆ ಅತ್ತ ಹರಿಯಿತು.

ಬಿದ್ದ ಹೂವನ್ನು ಎತ್ತಿಕೊಂಡ ಪೂಜಾರಪ್ಪ ಹೋಗದೆ ಅಲ್ಲೇ ನಿಂತಿದ್ದ. ಏನು ವಿಷಯ ಎಂದು ಕೇಳಿದ. ಅರ್ಜಿ, ಸಹಿ, ಐದು ಗಂಟೆ, ಎಲ್ಲ ಹೇಳಿದೆ. ಅವನು ತಲೆಯಾಡಿಸಿ, ಮಾವನ ಕಡೆ ತಿರುಗಿದ.

‘ನೀವು ಕೇಳಿದ್ದ ಸರಿ ಇಲ್ಲ ಬಿಡ್ರಿ. ಪಾಲು ಬಿಡ್ತೀಯಾ ಅಂದ್ರ ಯಾರು ಬಿಡ್ತಾರ? ನೀವು ಬಿಡ್ತೀರೇನು? ಬಳ್ಳಾರಿಗೆ ಬಂದು ಸಹಿ ಮಾಡ್ತೀಯಾ ಅಂತ ಕೇಳ್ರಿ. ಅವರಿಗೆ ಬೇಕಾಗಿದ್ದು ಸಹಿ ಅಲ್ಲೇನು?’

ಮಾವ ಬಹಳ ಹೊತ್ತು ಯೋಚಿಸಿದರು. ಅವರ ಯೋಚನೆ ಎಂಜಿನ್ನು ಬಿಚ್ಚಿದ ಹಾಗೆ. ಒಂದೊಂದು ತಿರುಪನ್ನೂ ಎತ್ತಿ ನೋಡದೆ ಮುಂದೆ ಹೋಗುವುದಿಲ್ಲ. ಬರುತ್ತೇನೆ ಎಂದರೆ ಪಟ್ಟಿಯಲ್ಲಿ ಇರಲಿ, ಕರೆತರುವುದು ನಮ್ಮ ಕೆಲಸ. ಬರುವುದಿಲ್ಲ ಎಂದರೆ ಸಹಿಯ ಗೊಡವೆ ಅವನಿಗೆ ಬೇಡ, ಪಾಲು ಬೇಕು ಎಂದಾಯಿತು; ಕಾಗದದಿಂದ ಹೆಸರು ತೆಗೆದರೆ ತಪ್ಪಿಲ್ಲ. ಅಂಥ ಪಾಲುದಾರರು ಮನುಷ್ಯರಲ್ಲೂ ಇದ್ದಾರೆ. ಕೊನೆಗೆ ‘ಹೂಂ, ಇಡು’ ಎಂದರು.

ಎರಡನೆಯ ಹೂವು ಹಣೆಗೆ ಅಂಟಿತು. ಈಗ ನನಗೆ ಎಡ ಬೇಕಾಗಿತ್ತು. ಚಿಕ್ಕಂದಿನಿಂದ ದೇವರ ಮುಂದೆ ಕೊಡು, ಮಾಡು, ಆಗಲಿ ಎಂದು ಬೇಡಿಕೊಂಡವನು ಆ ದಿನ ಮೊದಲ ಸಲ, ಇಲ್ಲ ಅನ್ನು ತಂದೆ, ಒಪ್ಪಿಕೊಳ್ಳಬೇಡ ಎಂದು ಬೇಡಿಕೊಂಡೆ. ಬೇಡಿಕೊಳ್ಳುವಾಗಲೇ ಇನ್ನೊಂದು ದಿಗಿಲು ಹುಟ್ಟಿತು. ಬಲಕ್ಕೆ ಬಿದ್ದರೆ? ಬರುತ್ತೇನೆ ಎಂದುಬಿಟ್ಟರೆ? ಮಾವ ಎತ್ತಿನ ಬಂಡಿ ಕಟ್ಟಿಸದೆ ಬಿಡುವವರಲ್ಲ.

ಒಂದೂಕಾಲಿಗೆ ಹೂವು ಬಿತ್ತು, ಮತ್ತೆ ಎಡಕ್ಕೇ.

ಮಾವ ಎದ್ದು ಅಡ್ಡಬಿದ್ದರು. ‘ತಗಿಲೇ ಕಾಗದ’ ಎಂದರು.

ಗುಡಿಯಿಂದ ದನದ ಆಸ್ಪತ್ರೆಗೆ ನಾನು ಓಡಿದೆ, ಮಾವ ನಡೆದರು. ಡಾಕ್ಟರು ಗೂಟಕ್ಕೆ ಕಟ್ಟಿದ ಎಮ್ಮೆಯೊಂದರ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಹಾಕಿ ಮುಗಿಸಿ, ಕೈತೊಳೆದು, ಕಾಗದ ಓದಿದರು. ಅಂಗಡಿಯ ಹೆಸರು ಓದಿ ಒಮ್ಮೆ ನನ್ನ ಮುಖ ನೋಡಿದರು. ಬಸವಣ್ಣನ ಹೆಸರಿನ ವ್ಯಾಪಾರಕ್ಕೆ ಆ ಊರಿನಲ್ಲಿ ಅವರಷ್ಟು ಯೋಗ್ಯ ಸಾಕ್ಷಿ ಇನ್ನೊಬ್ಬರು ಸಿಗುತ್ತಿರಲಿಲ್ಲ. ಮಾವ ಸಹಿ ಮಾಡಿದರು, ಮುದ್ರೆ ಬಿತ್ತು.

ಬಸ್ಸಿನಲ್ಲಿ ಕೂತ ಮೇಲೆ ಬುತ್ತಿ ಬಿಚ್ಚಿದೆ. ಇಬ್ಬರಿಗಾಗುವಷ್ಟು ರೊಟ್ಟಿ, ಇಬ್ಬರಿಗಾಗುವಷ್ಟು ಪುಂಡಿಸೊಪ್ಪಿನ ಪಲ್ಲೆ. ಮಾವನಿಗೆ ಇಷ್ಟವಾದದ್ದು ಪುಂಡಿಪಲ್ಲೆ. ನಾನು ಅಷ್ಟಾಗಿ ತಿನ್ನುವವನಲ್ಲ. ಇವಳೇಕೆ ಇವತ್ತೇ ಇದನ್ನು ಕಟ್ಟಿದಳು ಎಂದುಕೊಳ್ಳುತ್ತಲೇ ತಿಂದೆ. ಮಾವ ಎರಡನೆಯ ರೊಟ್ಟಿ ಮುರಿಯುತ್ತ, ಕಿಟಕಿಯಾಚೆ ನೋಡಿಕೊಂಡೇ ಹೇಳಿದರು:

‘ಆ ಕಾಗದದ ಮ್ಯಾಲೆ ಗುರುವಾರದ ತಾರೀಖು ಐತಿ.’

ನಾನು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡೆ.

‘ನನ್ನ ಮನಿಗೆ ಬಂದಾಗ ಚೀಲದಾಗ ಇತ್ತು ಅಲ್ಲ?’

‘ಇತ್ತು ಮಾವ.’

‘ಇವತ್ತು ಆಗಲಿಲ್ಲ ಅಂದಿದ್ರ ಏನ್ ಮಾಡ್ತಿದ್ದಿ ಅದನ್ನ?’

‘ಹರದು ಹಾಕ್ತಿದ್ದೆ.’

‘ಸುಳ್ಳ್ ಬೊಗಳಬ್ಯಾಡ’ ಎಂದರು ಮಾವ. ‘ನೀ ಬಸ್ ಟಿಕೇಟು ಹರಿಯಾಕ ಹೆದರತಿ.’ ಉಳಿದ ಪಲ್ಲೆಯನ್ನೂ ಅವರೇ ಮುಗಿಸಿದರು.

ಬಳ್ಳಾರಿಯ ಕೋಟೆಗುಡ್ಡ ಕಾಣಿಸುವ ಹೊತ್ತಿಗೆ ಬಸ್ಸಿನ ಗಾಲಿಯೊಂದು ಗಾಳಿ ಬಿಟ್ಟಿತು. ನಾನು ಇದನ್ನೂ ಲೆಕ್ಕ ಹಾಕಿದ್ದೆ. ಆದರೆ ಲೆಕ್ಕ ಹಾಕಿದ್ದರಿಂದ ಗಾಲಿಗೆ ಗಾಳಿ ಬರುವುದಿಲ್ಲವಲ್ಲ. ಮಾವ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಕ್ಲೀನರನ ಪಕ್ಕ ಕೂತು ಗಾಲಿ ಬದಲಿಸಿದರು. ಐದಕ್ಕೆ ಹದಿನೈದು ನಿಮಿಷವಿರುವಾಗ ಗುಮಾಸ್ತರ ಮೇಜಿನ ಮುಂದೆ ನಿಂತಿದ್ದೆ. ಅವರು ಪುಟ ತಿರುವಿ ಎರಡು ಸಹಿ, ಎರಡು ಹೆಸರು ನೋಡಿದರು.

‘ಮೂರನೇದವರು ಒಪ್ಪಿದ್ರೇನ್ರಿ?’

‘ಬರೂದಿಲ್ಲ ಅಂದ್ರು’ ಎಂದೆ.

ಗುಮಾಸ್ತರು ತಲೆಯಾಡಿಸಿ, ಸ್ವೀಕರಿಸಿದ ಮುದ್ರೆ ಒತ್ತಿದರು.

ನೋಂದಣಿ ಪತ್ರ ಅಂಚೆಯಲ್ಲಿ ಬರುತ್ತದೆಂದು ಗೊತ್ತಿತ್ತು. ಬರುವ ವಿಳಾಸ ಮನೆಯದು ಎಂಬುದು ಮಾತ್ರ ಮರೆತುಹೋಗಿತ್ತು. ಅದು ಬಂದ ದಿನ ನಾನು ರೈಲು ನಿಲ್ದಾಣದಿಂದ, ತೋಳಿಗೆ ಹತ್ತಿ ಹಚ್ಚಿಕೊಂಡು, ಜಿನ್ನು ಬಿಡುವ ಹೊತ್ತಿಗೆ ಸರಿಯಾಗಿ ಮನೆಗೆ ಬಂದೆ. ಹೆಂಡತಿ ಹೊಸ್ತಿಲಲ್ಲಿ ಕೂತು ಪತ್ರ ಓದುತ್ತಿದ್ದಳು. ನನ್ನ ಕಾಲು ಅಂಗಳದಲ್ಲೇ ನಿಂತಿತು.

‘ನಮ್ಮಪ್ಪನ ಹೆಸರೈತಿ, ನಿಮ್ಮ ಹೆಸರೈತಿ’ ಎಂದಳು. ‘ಇನ್ನೊಬ್ರು ಎಲ್ಲಿ? ಮೂವರು ಅಂದಿದ್ರಲ್ಲ.’

ಯಾರು ಹೇಳಿದರು ಎಂಬುದು ಆಮೇಲೆ ತಿಳಿಯಿತು. ಮಾವ ಕೊಟ್ಟ ಮಾತು ಉಳಿಸಿಕೊಂಡಿದ್ದರು: ಮಗಳಿಗೆ ಒಂದಕ್ಷರ ಹೇಳಿರಲಿಲ್ಲ. ಅತ್ತೆಗೆ ಹೇಳಿದ್ದರು. ಅತ್ತೆಯಿಂದ ನಾನು ಮಾತು ತೆಗೆದುಕೊಂಡಿರಲಿಲ್ಲ.

‘ಎಂದಿನಿಂದ ಗೊತ್ತಿತ್ತು?’

‘ನೀವು ನೌಕರಿ ಬಿಟ್ಟ ವಾರದಿಂದ. ಇಲ್ಲಂದ್ರ ಆ ಹಿರೇರಿಗೆ ಚಟ್ನಿ ಕಟ್ಟೂದು ಯಾಕ ಬಿಡ್ತಿದ್ದೆ?’ ಎಂದು ಅವಳು ಎದ್ದು ಬಂದು, ನನ್ನ ತೋಳಿನ ಹತ್ತಿಯನ್ನು ಉಗುರಿನಿಂದ ಒಂದೊಂದೇ ಕಿತ್ತಳು. ‘ದಿಂಬು ಅರ್ಧ ಖಾಲಿ ಆಗೈತಿ. ಮೊದಲ ಹೇಳಿದ್ರ ಜೇಬಿಗೆ ನಾನ ಬ್ಯಾರೆ ಹತ್ತಿ ಇಡ್ತಿದ್ದೆ.’

ನೀನೇ ಯಾಕೆ ಹೇಳಲಿಲ್ಲ ಎಂದಿದ್ದಕ್ಕೆ, ‘ನನಗ ಗೊತ್ತಾಗೈತಿ ಅಂತ ನಿಮಗ ಗೊತ್ತಾಗಿದ್ರ ಅದೊಂದು ಚಿಂತಿ ಹೆಚ್ಚಿಗಿ ಮಾಡ್ತಿದ್ರಿ’ ಎಂದಳು.

ಕುರುಗೋಡಿನ ಕಥೆಯನ್ನು ಆಮೇಲೆ ಹೇಳಿದೆ, ಎಡಕ್ಕೆ ಬಿದ್ದ ಎರಡೂ ಹೂವಿನ ಸಮೇತ. ಅವಳು ನಗದೆ ಕೇಳಿದಳು. ಪತ್ರವನ್ನು ದೇವರ ಜಗುಲಿಯ ಮೇಲೆ ಎರಡು ದಿನ ಇಟ್ಟು, ನಕಲು ಮಾಡಿಸಲು ನನಗೆ ಕೊಟ್ಟಳು. ಕೊಯಮತ್ತೂರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ; ಅದು ಸೇರಿದೆಯೆಂದು ಉತ್ತರ ಬರುವ ತನಕ ದಿನಾ ಅಂಚೆ ಕಚೇರಿಗೆ ಹೋಗಿ ಬರುತ್ತಿದ್ದೆ.

ಕೌಲ್ ಬಜಾರಿನ ಅಂಗಡಿ ಬಾಗಿಲು ತೆಗೆದ ಮೊದಲ ದಿನ ಬುತ್ತಿ ಬಿಚ್ಚಿದರೆ ಚಟ್ನಿಯ ಪೊಟ್ಟಣ ಮೂರಿದ್ದವು. ಒಂದು ನನ್ನದು, ಒಂದು ಮಾವನದು. ಮೂರನೆಯದನ್ನು ಯಾರು ತಿನ್ನಬೇಕೆಂದು ನಾನು ಮಾವನ ಮುಖ ನೋಡಿದೆ. ಅವರು ಅದನ್ನು ಎತ್ತಿ, ಅಂಗಡಿಯ ಹೆಸರು ಬರೆದ ಬೋರ್ಡಿನ ಕೆಳಗಿನ ಗೂಡಿನಲ್ಲಿಟ್ಟರು. ಸಂಜೆ ಅದು ಖಾಲಿಯಾಗಿತ್ತು. ಇಲಿಯೋ ಏನೋ ಎಂಬ ಚಿಂತೆ ಹತ್ತಿ ಮರುದಿನವೇ ಬೋನು ತಂದೆ. ಮಾವ ಅದನ್ನು ಇಡಗೊಡಲಿಲ್ಲ.